ಮಾಳವಿಕಾನ ಮನಿ ಕೆಳಗಿನ ನೆಲ

ಲೀಡ್ಸ್
20 ಸೆಪ್ಟೆಂಬರ್ 1999

ಪ್ರೀತಿಯ ಅವ್ವಾ,

ನಿನ್ನ ನೀಲಾನ ನಮಸ್ಕಾರ. ಮೊಣಕಾಲ ನೋವು ಹೆಂಗೈತಿ? ಅಲ್ಲಿಯ ಡಾಕ್ಟರಿಗೆ ಸರಿಯಾಗಿ ತೋರಿಸು. ಅಳಿಯ ಡಾಕ್ಟರ್ ಅದಾನ ಅಂತ ಬರೇ ಫೋನಿನ್ಯಾಗ ಕೇಳಿ ಸುಮ್ಮನಾಗಬ್ಯಾಡ. ನಾವು ಆರಾಮ ಇದ್ದೇವಿ. ಇವರಿಗೆ ಆಸ್ಪತ್ರ್ಯಾಗ ಈಗ ಹಗಲಿನ ಪಾಳಿ.

ಈ ತಿಂಗಳ ಮೊದಲಿಗೆ ನನ್ನ ಮೈದುನ ಪ್ರಶಾಂತನ ಹೊಸ ಮನಿ ಗೃಹಪ್ರವೇಶ ಆತು. ನಿನ್ನ ಮುಂದ ಯಾಕ ಮುಚ್ಚಲಿ, ಅವ್ವಾ, ನನಗ ಹೊಟ್ಟಿ ಉರೀತು. ಈ ದೇಶಕ್ಕ ಮೊದಲ ಬಂದವರು ನಾವು, ಇನ್ನೂ ಆಸ್ಪತ್ರಿ ಕ್ವಾರ್ಟರ್ಸಿನ್ಯಾಗ ಇದ್ದೇವಿ. ನಿನ್ನೆ ಮೊನ್ನೆ ಬಂದ ಅವನ ಹೆಂಡತಿ, ನನ್ನ ನೆಗೆಣ್ಣಿ ಮಾಳವಿಕಾಗ ನಾಲ್ಕು ಖೋಲಿ ಮನಿ, ಹಿಂದ ಹಿತ್ತಲ. 'ಅಕ್ಕಾ, ಇಲ್ಲಿ ನೋಡಿ, ಬೆಳಿಗ್ಗೆ ಬಿಸಿಲು ನೇರ ಒಳಗೇ ಬರುತ್ತೆ' ಅಂತ ಆ ಮೈಸೂರಿನ ಹುಡುಗಿ ಖೋಲಿ ಖೋಲಿ ತೋರಿಸಿಕೋತ ಹೊಂಟಳು. ಲೀಡ್ಸಿನ ಬಿಸಲನ್ನೂ ಅಕಿ ಹೆಸರಿಗೇ ಬರದಾರೇನೋ ಅನಿಸ್ತು.

ಊಟಕ್ಕ ಕೂತಾಗ ಪ್ರಶಾಂತ ಇವರಿಗೆ ಮೆಲ್ಲಕ ಹೇಳಿದ, ವಕೀಲರು ಒಂದು ಮಾತು ತಿಳಿಸ್ಯಾರಂತ. ಮನಿ, ಹಿತ್ತಲ ಅವರದಾದರೂ ನೆಲದ ಕೆಳಗ ಕಲ್ಲು, ಖನಿಜ ಏನ ಸಿಕ್ಕರೂ ಬಿಲ್ಡರಂದು. ಮನಿ ಮಾರುವಾಗ ಆ ಹಕ್ಕು ತನ್ನ ಕಡೇನ ಇಟಗೊಂಡಾನಂತ. ಅಲ್ಲೀತನಾ ಸಪ್ಪಗಿದ್ದ ಹೋಳಿಗಿ ನನಗ ಆಗ ರುಚಿ ಹತ್ತಿತು. ತಡಕೊಳ್ಳಲಾರದ ಎಲ್ಲಾರ ಎದುರು ಅಂದೆ: 'ಹಂಗಾದ್ರ ಮಾಳವಿಕಾ, ಮುಂಜಾನೆ ಭೂಮಿತಾಯಿಗೆ ಮಾಡಿದ ಪೂಜಿ ಬಿಲ್ಡರಗ ಮುಟ್ಟಿತೇನು?'

ಮಾಳವಿಕಾ ತುಪ್ಪದ ಮಿಳ್ಳಿ ಹಿಡಕೊಂಡು ಹಂಗ ನಿಂತಳು. ಊರಿಂದ ಬಂದು ಎರಡು ತಿಂಗಳ ನಮ್ಮಲ್ಲೇ ಇದ್ದ ಮಾವನವರು ತಾಟಿನಿಂದ ತಲಿ ಎತ್ತಲಿಲ್ಲ. 'ನೀಲಾ, ಮಂದಿ ಬಾಳೇ ಮಾಡೂದು ನೆಲದ ಮ್ಯಾಲ. ಕೆಳಗಿಂದು ಯಾರದರೆ ಇರಲಿ. ಮಾಳವಿಕಾ, ತುಪ್ಪ ಹಾಕವಾ' ಅಂದ್ರು. ಸಂಜಿಕೆ ನಾವು ಕಾರು ಹತ್ತೂವಾಗ, 'ನಾ ಇಲ್ಲೇ ನಾಲ್ಕು ದಿವಸ ಇರತೇನಿ' ಅಂದುಬಿಟ್ರು.

ಮಾವನವರು ಇನ್ನೂ ತಿರುಗಿ ಬಂದಿಲ್ಲ. ಅವರ ಮುಂಜಾನೆ ಚಹಾ ಈಗ ಅಕೀನ ಕೊಡತಾಳ. ಮನಿಗಿಂತ ಇದು ಹೆಚ್ಚು ಸುಡತೈತಿ, ಅವ್ವಾ. ಕಡೀಕೆ ಫೋನ್ ಮಾಡಿ ತಪ್ಪಾತು ಅಂದೆ. 'ಬಿಡಿ ಅಕ್ಕಾ. ಮಾವಂಗೆ ಜೋಳದ ರೊಟ್ಟಿ ಬಡಿಯೋಕೆ ನನಗೆ ಬರಲ್ಲ, ಬಂದು ಹೇಳಿಕೊಡಿ' ಅಂದಳು. ಒಳ್ಳೆ ಮನಸ್ಸಿನಾಕಿ. ಅದಕ್ಕೂ ಹೊಟ್ಟಿಕಿಚ್ಚ ಬಂತು ನೋಡು.

ಅಪ್ಪಗ ನಮಸ್ಕಾರ ತಿಳಸು. ತಮ್ಮ ಉಮೇಶಗ ಪತ್ರ ಬರಿ ಅನ್ನು.

ನಿನ್ನ ಮಗಳು,
ನೀಲಾಂಬಿಕಾ

ತಾ.ಕ.: ಟಪಾಲಿನವ ಡಬ್ಬಿ ತಗ್ಯೋ ಹೊತ್ತಾತು, ಗಡಿಬಿಡ್ಯಾಗ ಬರೀತೇನಿ. ನೆಲದ ವಿಷಯ ಓಣ್ಯಾಗ ಯಾರ ಮುಂದೂ ಆಡಬ್ಯಾಡ. ಮಾಳವಿಕಾನ ಎದುರಿನ ಮನಿ ಅದೇ ಬಿಲ್ಡರನ ಕಡೆ ನಾವೂ ಖರೀದಿಗೆ ಹಿಡದೇವಿ. ಬಿಲ್ಡರ್ ನಮಗೂ ನೆಲದ ಕೆಳಗಿನ ಹಕ್ಕು ಬಿಟ್ಟುಕೊಡಲಿಲ್ಲ. ಇವರು ಹಿಂದ ಮುಂದ ನೋಡತಿದ್ರು, ನಾನ 'ಸಹಿ ಮಾಡ್ರಿ' ಅಂದೆ. ಮಾವನವರಿಗೆ ಒಂದು ಖೋಲಿ ತಗದಿಟ್ಟೇನಿ. ಆಮ್ಯಾಲೆ ಯಾರ ಮನಿ ಚಹಾ ಕುಡೀತಾರೋ ನೋಡತೇನಿ.