ಕಂಬದ ಹಿಂದಿದ್ದ ಅಮ್ಮ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿ,

'ಪ್ರೀತಿಯ' ಎಂದು ಅಭ್ಯಾಸಬಲದಿಂದ ಬರೆದೆ. ಹೊಡೆದುಹಾಕುವುದಿಲ್ಲ. ಆದರೆ ಆ ಪದ ನಂಬಿಕೊಂಡು ಮುಂದಿನದನ್ನು ಓದಬೇಡ.

ಅಮ್ಮನ ಬಗ್ಗೆ ಶಾಲೆಯ ಮಕ್ಕಳಿಗಾಗಿ ನೀನು ಬರೆದ ಪುಸ್ತಕದ ಕರಡು ಓದಿದೆ. ವಾಕ್ಯಗಳು ಚೆನ್ನಾಗಿವೆ. ಸಿಟ್ಟು ಅದಕ್ಕೇ. ಮೂರನೇ ಅಧ್ಯಾಯದಲ್ಲಿ ಬರೆದಿದ್ದೀಯ: 'ಒಂದು ದಿನ ಲೇಖಕಿಯ ಹಿರಿಯ ಮಗಳು ರೈಲು ನಿಲ್ದಾಣದಲ್ಲಿ ಕಳೆದುಹೋದಳು. ತಾಯಿ ಹುಚ್ಚಿಯಂತೆ ಹುಡುಕಿದಳು. ಆ ಸಂಕಟದಿಂದಲೇ, ಎಲ್ಲ ಮಕ್ಕಳೂ ಮೆಚ್ಚಿದ ಕಥೆ ಹುಟ್ಟಿತು.'

ನಾನು ಕಳೆದುಹೋಗಲಿಲ್ಲ. ಅಮ್ಮ ನನ್ನನ್ನು ಬೇಕೆಂದೇ ಬಿಟ್ಟಿದ್ದಳು.

ಟಿಕೆಟ್ ಕಿಟಕಿಯ ಎದುರಿನ ಬೆಂಚಿನಲ್ಲಿ ಕೂರಿಸಿ, ನೀರು ತರುತ್ತೇನೆಂದು ಹೋದವಳು ತೂಕದ ಯಂತ್ರದ ಪಕ್ಕದ ಕಂಬದ ಹಿಂದೆ ನಿಂತಳು. ಹೆದರಿದ ಮಗು ಏನು ಮಾಡುತ್ತದೆ, ಏನು ಹೇಳುತ್ತದೆ ಎಂಬುದು ಅವಳ ಕಥೆಗೆ ಬೇಕಿತ್ತು. ನಾನು ಅಮ್ಮನ ಚೀಲದಂಥದ್ದೇ ಚೀಲ ಹಿಡಿದ ಹೆಂಗಸರ ಹಿಂದೆಲ್ಲ ಓಡಿದೆ. ಕೊನೆಗೆ ಹಮಾಲಿಯೊಬ್ಬನ ಅಂಗಿ ಹಿಡಿದು, "ನಮ್ಮಮ್ಮನ್ನ ನೋಡಿದ್ರಾ? ಅವಳು ಕಥೆ ಬರೀತಾಳೆ" ಅಂದೆ. ಅಮ್ಮನ ಪುಸ್ತಕದಲ್ಲಿ ಆ ಮಾತು ಹಾಗೇ ಇದೆ. 'ಕಥೆ ಬರೀತಾಳೆ' ಹೋಗಿ 'ಬಟ್ಟೆ ಹೊಲೀತಾಳೆ' ಆಗಿದೆ, ಅಷ್ಟೇ. ಅವಳು ಸಭೆಗಳಲ್ಲಿ ಓದಿದಾಗ ಜನ ನಗುತ್ತಿದ್ದುದು ಅಲ್ಲೇ.

ಮನೆಗೆ ಬರುವಾಗ, ಎಲ್ಲಿ ಹೋಗಿದ್ದೆ ಅಂತ ಕೇಳಿದೆ. "ಎಲ್ಲೂ ಹೋಗಿರ್ಲಿಲ್ಲ ಕಣೇ, ನೋಡ್ತಾನೇ ಇದ್ದೆ" ಅಂದಳು. ಹಿಂದೆಯೇ, "ಅಷ್ಟು ಜನ ಇದ್ರಲ್ಲ, ಅವನ ಅಂಗೀನೇ ಯಾಕೆ ಹಿಡ್ಕೊಂಡೆ? ನೆನಪು ಮಾಡ್ಕೊಂಡು ಹೇಳು" ಅಂದಳು. ಹೇಳಿದೆ. ಅವಳ ಉಪಯೋಗಕ್ಕೆ ಬಂದೆನೆಂದು ಹಿಗ್ಗಿಬಿಟ್ಟೆ. ಇವತ್ತಿಗೂ ಮೈ ಉರಿಯುವುದು ಆ ಹಿಗ್ಗಿಗೆ.

ಇದನ್ನೆಲ್ಲ ಅಮ್ಮ ಬದುಕಿದ್ದಾಗಲೇ ನಿನಗೆ ಹೇಳಿದ್ದೆ. ಮೊನ್ನೆ ಫೋನಿನಲ್ಲಿ ನೀನು ಏನಂದೆ? "ಮಕ್ಕಳ ಪುಸ್ತಕ ಅಕ್ಕಾ, ಅದನ್ನೆಲ್ಲ ಹಾಕೋಕಾಗತ್ತಾ? ಈಗ್ಲಾದ್ರೂ ಬಿಟ್ಟುಬಿಡು." ಬಿಟ್ಟಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನೀನು ಬಿಡಲಿಲ್ಲ, ಬದಲಾಯಿಸಿದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಮುನ್ನುಡಿಯಲ್ಲಿ ಬೇರೆ ಬರೆದಿದ್ದೀಯಲ್ಲ, ಮಹರಾಯ್ತಿ!

ಶುಕ್ರವಾರ ಅಚ್ಚಿಗೆ ಹೋಗುತ್ತದಂತೆ. ಅಷ್ಟರಲ್ಲಿ ತಿದ್ದು. ಅಮ್ಮನನ್ನು ರಾಕ್ಷಸಿ ಮಾಡು ಎನ್ನುತ್ತಿಲ್ಲ. ಕಂಬದ ಹಿಂದೆ ನಿಂತು ನೋಡುತ್ತಿದ್ದಳು ಎಂದಷ್ಟೇ ಬರೆ. ಮಕ್ಕಳಿಗೆ ಅರ್ಥವಾಗುತ್ತದೆ, ನಿನಗಿಂತ ಬೇಗ. ತಿದ್ದಲಾರೆ ಎಂದರೆ ನನ್ನ ಹೆಸರು, ಚಿತ್ರ ಎರಡನ್ನೂ ತೆಗೆದುಹಾಕು. ಅವಳ ಕಥೆಗೆ ಸಿಕ್ಕಿದ್ದು ಸಾಕು. ನಿನ್ನ ಕಥೆಗೂ ಸಿಗಲಾರೆ.

ನಿನ್ನ ಮೇಲೆ ಕೆಂಡ ಕಾರುತ್ತಿರುವ,
ಅಕ್ಕ

ಇನ್ನೊಂದು ಮಾತು: ಐದನೇ ಅಧ್ಯಾಯದಲ್ಲಿ, ಅಮ್ಮನ ಕತ್ತಲೆ ಉಗ್ರಾಣದ ಕಥೆಯ ಧೈರ್ಯದ ಹುಡುಗಿ ನೀನೇ ಇರಬೇಕು ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದೀಯ. ಉಗ್ರಾಣದೊಳಗೆ ಕೂಡಿಹಾಕಿ ನೋಡಲು ಅಮ್ಮ ಬೀಗದ ಕೈ ಹಿಡಿದು ಕರೆದದ್ದು ನಿನ್ನನ್ನೇ. ನೀನು ಮೆಟ್ಟಿಲ ಮೇಲೆ ಕೂತು ಸೋಪಿನ ಗುಳ್ಳೆ ಊದುತ್ತಿದ್ದೆ. "ಅವಳು ಹೆದರ್ತಾಳೆ, ನಾನು ಹೋಗ್ತೀನಿ" ಅಂದವಳು ನಾನು. ಅದೊಂದನ್ನು ತಿದ್ದಬೇಡ. ಆ ಹುಡುಗಿ ನೀನೇ ಆಗಿರು.