ಮುಟ್ಟದೆ ಹೇಳಿದ ‘ಆಯ್ತು’

ಚಿಲ್ಡರ್ಸ್‌ನ ಕ್ಯಾರವಾನ್ ಪಾರ್ಕು, ಆಸ್ಟ್ರೇಲಿಯಾ, ಭಾನುವಾರ ಬೆಳಗ್ಗೆ

ನನ್ನ ಬೆರಿಲ್‌ಗೆ,

ನೀನು ಕಳಿಸಿದ ಕಾಗದಪತ್ರ ಬಂತು. ಎಲ್ಲೆಲ್ಲಿ ಸಹಿ ಹಾಕಬೇಕು ಅಂತ ನಿನ್ನ ತಂಗಿಯ ಮಗಳು ಹಳದಿ ಚೀಟಿ ಬೇರೆ ಅಂಟಿಸಿದ್ದಾಳೆ, ನನಗೇನು ಕಣ್ಣು ಕಾಣುವುದಿಲ್ಲವೇ? ಸಹಿ ಹಾಕುವುದಿಲ್ಲ. ಬಿಡಿಭಾಗಕ್ಕೆಂದು ನಮ್ಮ ಮೋಟರ್‌ಹೋಮ್ ಕೊಳ್ಳಲು ಬಂದಿರುವ ಆ ಮನುಷ್ಯನಿಗೆ ಬೇರೆ ಗಾಡಿ ನೋಡಿಕೊಳ್ಳಲು ಹೇಳು. ಡಾರಿಸ್, ಗಾಲಿಯ ಮೇಲಿನ ನಮ್ಮ ಈ ಮನೆ, ನಮ್ಮಿಬ್ಬರ ಹೆಸರಿನಲ್ಲಿದ್ದಾಳೆ. ನನ್ನ ಅರ್ಧ ಮಾರಾಟಕ್ಕಿಲ್ಲ, ಬರೀ ನಿನ್ನ ಅರ್ಧವನ್ನು ಯಾವ ಹುಚ್ಚನೂ ಕೊಳ್ಳುವುದಿಲ್ಲ.

ಜೊತೆಗಿಟ್ಟಿದ್ದ ನಿನ್ನ ಚೀಟಿಯನ್ನೂ ಓದಿದೆ. ‘ನನ್ನ ಕೈಯಾರೆ ಸುಟ್ಟುಹಾಕಿದೆ ಕಣೇ ನೋಲೀನ್. ಎಪ್ಪತ್ತೊಂದಾಯ್ತು. ಇನ್ಮೇಲೆ ನನ್ನ ಕೈಗೆ ಯಾರೂ ಗಾಡಿ ಕೊಡಬಾರದು.’ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು ನೀನು, ಒಂದು ಮಗುವಿನ ಮೊಣಕಾಲೂ ತರಚದ ಹಾಗೆ. ಆ ಸಾಲು ಓದಿ ನನಗೆ ಊಟ ಸೇರಲಿಲ್ಲ. ಕಾರಣ ಹೇಳಲೆಂದೇ ಈ ಪತ್ರ, ಆದರೆ ಹೇಳಲು ಧೈರ್ಯ ಬೇಕು. ಅಲ್ಲಿಯವರೆಗೆ ಡಾರಿಸ್‌ಳ ಸಮಾಚಾರ ಕೇಳು.

ಆ ಮಧ್ಯಾಹ್ನ ನೀನು ನೋಡಿದ್ದಷ್ಟೇ ನಿನ್ನ ತಲೆಯಲ್ಲಿ ಉಳಿದಿದೆ. ಜಿಂಪಿ ಊರು ದಾಟಿದ ಮೇಲೆ ಆ ಮಳೆ, ನಡುವೆ ತಲೆಯ ಮೇಲೆ ಪಟಾರ್ ಎಂಬ ಸದ್ದು. ‘ಯಾವುದೋ ಕೊಂಬೆ, ನೀನು ಓಡಿಸೇ’ ಎಂದವಳು ನಾನು. ಎರಡು ಗಂಟೆ ಕಳೆದು ಇಲ್ಲಿಗೆ ಬಂದು ಬಾಗಿಲು ತೆಗೆದರೆ ಅಡುಗೆಯ ಜಾಗದ ಮೇಲೆ ಚಾವಣಿಯ ಕಿಂಡಿಗೆ ಮುಚ್ಚಳವೇ ಇಲ್ಲ. ಕೆಳಗಿನ ವೈರಿಂಗ್ ಕಪಾಟಿನಿಂದ ನೀರು ಸುರಿಯುತ್ತಿತ್ತು. ಮೋಡದ ಕತ್ತಲು, ಕಣ್ಣಿಗೆ ಏನೂ ಕಾಣದೆ ನೀನು ದೀಪದ ಸ್ವಿಚ್ ಒತ್ತಿದೆ. ಚಟ್ ಅಂದಿತು, ಸುಟ್ಟ ವಾಸನೆ ಬಂತು. ಪಕ್ಕದ ಜಾಗದ ಕ್ಲೈವ್ ಕೊಡೆ ಹಿಡಿದು ಬಂದು, ‘ಒದ್ದೆ ಇರೋವಾಗ ಸ್ವಿಚ್ ಹಾಕಿದ್ಯಾರಮ್ಮ?’ ಅಂದ. ನೀನು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದೆ. ಮರುದಿನ ಬೆಳಗ್ಗೆಯೇ ತಂಗಿಯ ಮನೆಗೆಂದು ಟೂವೂಂಬಾ ಊರಿನ ಬಸ್ಸು ಹತ್ತಿದೆ.

ನೀನು ಹೋದ ಮೇಲೆ ಈ ಪಾರ್ಕಿನ ಗಂಡಸರೆಲ್ಲ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ‘ಕಳಚಿ ಕಳಚಿ ಎಲ್ಲಾನೂ ಅಕ್ಕಿ ಮೂಟೇಲಿ ಹೂತಿಡು, ತೇವ ಹೀರ್ಕೊಳ್ಳತ್ತೆ’ ಎಂದ ಒಬ್ಬ. ‘ಮಾರಿಬಿಡು, ನಿನ್ನ ಕೈಲಾಗೋ ಕೆಲಸ ಅಲ್ಲ’ ಎಂದ ಇನ್ನೊಬ್ಬ. ಅಕ್ಕಿಯನ್ನು ನಾನು ಬೇಯಿಸಿ ತಿಂದೆ. ಮಾರುವ ಮಾತು ಆಡಿದವನಿಗೆ ಚಹಾ ಕೊಡಲಿಲ್ಲ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವಳು ನಾನು. ಕೊಳೆನೀರು ಕುಡಿದ ಬಟ್ಟೆಯನ್ನು ಹಾಗೇ ಒಣಗಿಸಿದರೆ ಕಲೆ ಕೂತುಬಿಡುತ್ತದೆ ಎಂದು ನನಗೆ ಯಾರೂ ಕಲಿಸಬೇಕಿಲ್ಲ. ಡಾರಿಸ್‌ಳ ಒಳಗೆ ಇಳಿದದ್ದು ಬರೀ ಮಳೆನೀರಲ್ಲ, ಚಾವಣಿಯ ಧೂಳು, ಎಲೆ, ಹಕ್ಕಿಯ ಹಿಕ್ಕೆ ಎಲ್ಲ ಕಲಸಿದ ನೀರು. ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸಿದೆ, ಚಾವಣಿಯ ಸೋಲಾರ್‌ನದೂ ಸಹ. ಒಂದೊಂದು ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಿನ್ನ ಪದಬಂಧದ ಪುಸ್ತಕದ ಹಿಂದೆ ಚಿತ್ರ ಬರೆದುಕೊಂಡೆ, ಬೈಯಬೇಡ. ಆಮೇಲೆ ಸರ್ಕ್ಯೂಟ್ ಬೋರ್ಡುಗಳನ್ನು ಬಿಚ್ಚಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಕ್ಲೈವ್‌ಗೆ ನೋಡಲಾಗಲಿಲ್ಲ. ‘ಅಯ್ಯೋ, ನೀರು ಬಿದ್ದು ಕೆಟ್ಟಿದ್ದಕ್ಕೆ ಮತ್ತೆ ನೀರು ಹಾಕ್ತಿದೀಯಲ್ಲೇ ತಾಯಿ!’ ಎಂದು ಹಣೆ ಚಚ್ಚಿಕೊಂಡ. ‘ನಿನ್ನ ಅಂಗಿ ಯಾವತ್ತೂ ಅಷ್ಟು ಕೊಳಕಾಗಿ ಯಾಕಿರತ್ತೆ ಅಂತ ಈಗ ಗೊತ್ತಾಯ್ತು’ ಅಂದೆ.

ತಾಮ್ರದ ಮೇಲೆ ಹಸಿರು ಕೂತಲ್ಲೆಲ್ಲ ಸ್ಪಿರಿಟ್ ಹಚ್ಚಿ ಉಜ್ಜಿದೆ. ಗಾಡಿಯ ಮುಂದಿನ ನೆರಳಿನಲ್ಲಿ ಹಗ್ಗ ಕಟ್ಟಿ ಎಲ್ಲವನ್ನೂ ಬಟ್ಟೆ ಕ್ಲಿಪ್ಪು ಹಾಕಿ ಒಣಹಾಕಿದೆ. ಪಂಪಿನ ಬೋರ್ಡಿನ ಪಕ್ಕದಲ್ಲೇ ನನ್ನ ಒಳಲಂಗ. ಪಾರ್ಕಿನವರೆಲ್ಲ ನಡೆದುಹೋಗುವಾಗ ನಕ್ಕರು, ನಗಲಿ. ಕಷ್ಟವಾದದ್ದು ತೊಳೆಯುವುದಲ್ಲ, ಕಾಯುವುದು. ಎಂಟು ದಿನ ‘ಒಂದ್ಸಲ ಹಾಕಿ ನೋಡೋಣ’ ಎಂದು ಕೈ ತುರಿಸಿತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಪಾರ್ಕಿನಿಂದ ತಂತಿ ಎಳೆದ, ಮನೆಗಳಲ್ಲಿರುವಂಥ ಜೋರು ಕರೆಂಟು ಹರಿಯುವ ಭಾಗವನ್ನು ಮಾತ್ರ ನಾನು ಮುಟ್ಟಲಿಲ್ಲ, ಅಷ್ಟು ಬುದ್ಧಿ ನನಗಿದೆ. ಅದಕ್ಕೆ ಟೆಗನ್ ಎಂಬ ಎಲೆಕ್ಟ್ರಿಷಿಯನ್ ಬಂದಳು. ಮೂರು ಮಕ್ಕಳ ತಾಯಿ, ನಿನ್ನಂತೆಯೇ ಬೈದುಕೊಂಡೇ ಕೆಲಸ ಮಾಡುತ್ತಾಳೆ. ಚಾರ್ಜರ್ ಬದಲಾಯಿಸಿದಳು. ಆಮೇಲೆ ನಾನು ಜೋಡಿಸಿದ್ದನ್ನೆಲ್ಲ ಪರೀಕ್ಷಿಸಿ, ‘ಒಂದೊಂದೇ ಫ್ಯೂಸ್ ಹಾಕು’ ಅಂದಳು. ದೀಪ ಬಂತು. ನೀರಿನ ಪಂಪು ಕೆಮ್ಮಿ ಓಡಿತು. ಫ್ರಿಜ್ಜಿನ ಬೋರ್ಡು ಮಾತ್ರ ಸತ್ತಿದೆ, ಅದು ಸಿಗುವವರೆಗೆ ಐಸ್ ಪೆಟ್ಟಿಗೆಯಲ್ಲಿ ಸಂಸಾರ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ನಗಬೇಡ.

ಆಗ ಟೆಗನ್ ಕಪ್ಪಾದ ಒಂದು ಫ್ಯೂಸನ್ನು ನನ್ನ ಅಂಗೈಯಲ್ಲಿಟ್ಟಳು. ಬೆರಳ ಉಗುರಿನಷ್ಟಿತ್ತು. ‘ನಿನ್ನ ಗೆಳತಿ ಸ್ವಿಚ್ ಹಾಕಿ ಸುಟ್ಟಿದ್ದು ಇಷ್ಟೇ. ಸುಡೋದೇ ಇದರ ಕೆಲಸ. ಮಿಕ್ಕಿದ್ದೆಲ್ಲ ಅದಕ್ಕೆ ಮೊದಲೇ ನೀರಿಗೆ ಹೋಗಿತ್ತು’ ಅಂದಳು.

ಇನ್ನು ಆ ನೀರು ಒಳಗೆ ಬಂದದ್ದು ಹೇಗೆ ಎಂಬ ಮಾತು, ಬೆರಿಲ್.

ಆರು ವರ್ಷದಿಂದ ನಮ್ಮದೊಂದು ಪದ್ಧತಿ. ಹೊರಡುವ ಮುಂಚೆ ನೀನು ಸ್ಟೀರಿಂಗಿನ ಮುಂದೆ ಕೂತು ಹೆಸರು ಕೂಗಬೇಕು: ಮೆಟ್ಟಿಲು, ಗ್ಯಾಸು, ಪಂಪು, ಮೇಲಿನ ಕಿಂಡಿ. ನಾನು ಅದನ್ನು ಕೈಯಿಂದ ಮುಟ್ಟಿ ‘ಆಯ್ತು’ ಅನ್ನಬೇಕು. ನೋಡಿ ಅಲ್ಲ, ಮುಟ್ಟಿ. ಈ ನಿಯಮ ಮಾಡಿದವಳು ನೀನು, ಅದಕ್ಕಾಗಿ ನಿನ್ನನ್ನು ಎಷ್ಟು ಸಲ ಅಣಕಿಸಿದ್ದೇನೆ. ಆ ಬೆಳಗ್ಗೆ ಟೋಸ್ಟ್ ಸೀದು ಹೊಗೆ ತುಂಬಿತೆಂದು ಕಿಂಡಿ ತೆರೆದವಳು ನಾನು. ನೀನು ‘ಮೇಲಿನ ಕಿಂಡಿ’ ಎಂದು ಕೂಗಿದಾಗ ನನ್ನ ಒಂದು ಕೈಯಲ್ಲಿ ಟೋಸ್ಟ್, ಇನ್ನೊಂದರಲ್ಲಿ ಚಹಾ. ತಲೆ ಎತ್ತಿಯೂ ನೋಡದೆ ‘ಆಯ್ತು’ ಅಂದೆ. ಆ ಪಟಾರ್ ಸದ್ದು ನಮ್ಮ ಮುಚ್ಚಳ ಹಾರಿದ್ದು.

ಬಾಗಿಲು ತೆಗೆದ ಕ್ಷಣವೇ ನನಗೆ ಅರ್ಥವಾಯಿತು. ‘ಹಳೇ ಕೀಲು, ಗಾಳಿಗೆ ಕಿತ್ತುಹೋಗಿದೆ’ ಎಂದು ಸುಳ್ಳು ಹೇಳಿದೆ. ಕ್ಲೈವ್ ಕೇಳಿದಾಗ ನೀನು ಕೈ ಎತ್ತಿದೆ, ನಾನು ನನ್ನ ಕಾಲು ನೋಡುತ್ತಾ ನಿಂತೆ. ಬಸ್ಸಿಗೆ ನಿನ್ನ ಪೆಟ್ಟಿಗೆ ಏರಿಸುವಾಗಲೂ ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ.

ಹಾಗಾಗಿ ನನ್ನನ್ನು ಬೈಯಿ, ಪೂರ್ತಿ ಹಕ್ಕು ನಿನ್ನದು. ಒಂದು ತಿಂಗಳು ಮಾತು ಬಿಡು. ಆದರೆ ‘ನಮಗಿನ್ನು ವಯಸ್ಸಾಯ್ತು’ ಎಂಬ ಆ ಸೋತ ಮಾತನ್ನು ನನ್ನ ಮುಂದೆ ಆಡಬೇಡ. ನೀರು ಸೇರಿದ್ದು ವಯಸ್ಸಿನಿಂದಲ್ಲ, ಸೋಮಾರಿತನದಿಂದ. ಅದು ನನಗೆ ಇಪ್ಪತ್ತರಲ್ಲೂ ಇತ್ತು. ಗುರುವಾರ ಡಾರಿಸ್ ಲಾಂಗ್‌ರೀಚ್ ಕಡೆ ಹೊರಡುತ್ತಾಳೆ. ನೀನು ಬರದಿದ್ದರೆ ನಾನೇ ಓಡಿಸುತ್ತೇನೆ. ನಾನು ಗಾಡಿ ಹಿಂದಕ್ಕೆ ತೆಗೆಯುವ ಚಂದ ನಿನಗೆ ಗೊತ್ತು. ದಾರಿಯಲ್ಲಿ ಮುರಿಯುವ ಬೇಲಿಗಳ ಪಾಪ ನಿನ್ನ ತಲೆಗೆ.

ನೀನು ಏನನ್ನೂ ಸುಡಲಿಲ್ಲ, ಬೆರಿಲ್. ನಿನ್ನ ಕೈ ಮೊದಲಿನಷ್ಟೇ ಗಟ್ಟಿ. ಈಗ ಅದರಲ್ಲಿ ಕೂತಿರುವ ಹೆದರಿಕೆ ನಿನ್ನದಲ್ಲ, ನಾನು ಸತ್ಯ ಬಚ್ಚಿಟ್ಟು ನಿನಗೆ ಹೊರಿಸಿದ್ದು. ಅದನ್ನು ನನಗೇ ಬಿಟ್ಟು ಬಾ.

ನೀನು ಬರುವ ದಾರಿಗೆ ಒಳ್ಳೆಯ ಬಿಸಿಲಿರಲಿ.

ನಿನ್ನ ಸುಳ್ಳುಬುರುಕಿ,
ನೋಲೀನ್