ಐದು ಸಣ್ಣ ತಟ್ಟು

ಅಪ್ಪ,

ಇವತ್ತು ಲ್ಯಾಬಿನಲ್ಲಿ ನಡೆದದ್ದನ್ನು ಮೊದಲು ನಿನಗೇ ಹೇಳಬೇಕು ಅನ್ನಿಸಿತು.

ಗಾಜಿನ ಬಟ್ಟಲಿನಲ್ಲಿ ನಾವು ಹೃದಯದ ಜೀವಕೋಶಗಳನ್ನು ಬೆಳೆಸುತ್ತೇವೆ. ಅವೆಲ್ಲ ಒಟ್ಟಿಗೆ ಮಿಡಿಯುತ್ತಿರುತ್ತವೆ. ಕೆಲವೊಮ್ಮೆ ಮಿಡಿತದ ಅಲೆ ಸುರುಳಿ ಸುತ್ತಿಕೊಂಡು, ಆ ಸುರುಳಿ ಒಡೆದು ಹತ್ತಾಗಿ, ಬಟ್ಟಲೆಲ್ಲ ಗೊಂದಲವಾಗುತ್ತದೆ. ನಿನ್ನ ಎದೆಯಲ್ಲಿ ಆಗುತ್ತಿದ್ದದ್ದೂ ಅದೇ. ಅದನ್ನು ನಿಲ್ಲಿಸಲು ನಿನ್ನೊಳಗೆ ಕೂರಿಸಿದ್ದ ಯಂತ್ರ ಒಂದೇ ದೊಡ್ಡ ಶಾಕ್ ಕೊಡುತ್ತಿತ್ತು.

"ಕತ್ತೆ ಒದ್ದಂಗಾಗುತ್ತೆ ಕಣೇ," ಅಂದಿದ್ದೆ ನೀನು.

"ಒದೀಲಿ ಬಿಡಪ್ಪ, ಕೆಲಸ ಮಾಡ್ತಿದೆ ಅಂತ ಅರ್ಥ," ಅಂದುಬಿಟ್ಟಿದ್ದೆ ನಾನು.

ಆಮೇಲೆ ನೀನು ಆ ಮಾತೇ ಎತ್ತಲಿಲ್ಲ. ನೀನು ಹೋದ ಮೇಲೆ ಯಂತ್ರದ ದಾಖಲೆ ನೋಡಿದೆ. ಆ ಮಾತಾದ ಮೇಲೆ ಅದು ಇನ್ನೂ ಹನ್ನೊಂದು ಸಲ ಒದ್ದಿತ್ತು.

ಇವತ್ತು ಬಟ್ಟಲಿಗೆ ಆ ದೊಡ್ಡ ಶಾಕ್ ಬದಲು ಕರೆಂಟಿನ ಐದು ಸಣ್ಣ ತಟ್ಟು ಕೊಟ್ಟೆ, ಒಂದರ ಹಿಂದೆ ಒಂದು, ಹೊತ್ತು ನೋಡಿಕೊಂಡು. ನಿನ್ನ ಬಸ್ಸಿನಲ್ಲಿ ಡ್ರೈವರ್ ಸೀಟಿನ ಪಕ್ಕ ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದೆಯಲ್ಲ, "ಬ್ರೇಕ್ ಒಂದೇ ಸಲ ತುಳೀಬಾರ್ದು, ಚೂರುಚೂರೇ ಒತ್ತಬೇಕು, ನಿಂತೋರಿಗೂ ಗೊತ್ತಾಗಬಾರ್ದು" ಅಂತ, ಹಾಗೆ. ಐದನೆಯದಕ್ಕೆ ಸುರುಳಿಗಳೆಲ್ಲ ಅಳಿಸಿಹೋಗಿ, ಒಂದೇ ಅಲೆ ನೆಟ್ಟಗೆ ಹಾದುಹೋಯಿತು.

"ಇದಿನ್ನೂ ಬಟ್ಟಲು ಕಣಮ್ಮ. ಮನುಷ್ಯರ ತನಕ ಬರೋಕೆ ವರ್ಷಗಟ್ಟಲೆ ಬೇಕು," ಅಂದರು ನಮ್ಮ ಮೇಡಂ. ಹೂಂ ಅಂದೆ.

ಎಲ್ಲರೂ ಟೀಗೆ ಹೋದ ಮೇಲೆ ಅದೇ ತಂತಿಗಳನ್ನು ಮಣಿಕಟ್ಟಿಗೆ ಹಿಡಿದು, ಅದೇ ಐದು ತಟ್ಟು ನನಗೇ ಕೊಟ್ಟುಕೊಂಡೆ. ಕಣ್ಣು ಮುಚ್ಚಿ ಕಾದೆ.

ಏನೂ ಗೊತ್ತೇ ಆಗಲಿಲ್ಲ ಅಪ್ಪ.